ಬಾಯಿಲ್ಲದ ಹುಳುವಿನ ಮಾತು

ನಮ್ಮೂರು ಬಿಳಿಚೋಡು, ಜಗಳೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಮಳೆ ಕಡಿಮೆಯಾದ ಸೀಮೆಯಾದುದರಿಂದ ಹೊಲವೊಂದನ್ನೇ ನಂಬಿ ಬದುಕುವುದು ಅಲ್ಲಿ ಕಷ್ಟ. ಬೆಳೆ ಕೈಕೊಟ್ಟ ವರ್ಷ ಮನೆಯನ್ನು ಕಾಯುವುದು ಕುರಿ; ಆ ಕುರಿಯನ್ನು ಕಾಯುವುದು ನಾಯಿ. ಕುರಿ, ನಾಯಿ, ಮನುಷ್ಯ ಈ ಮೂವರ ಸಹವಾಸ ನಮ್ಮ ಕಡೆ ಬಹಳ ಹಳೆಯದು. ಆದರೆ ಈ ಮೂವರ ನಡುವೆ ಯಾರ ಕಣ್ಣಿಗೂ ಬೀಳದೆ ನಾಲ್ಕನೆಯವನೊಬ್ಬನು ಸೇರಿಕೊಂಡಿರುವುದುಂಟು. ಅವನು ನಾಯಿಯ ಕರುಳಿನಲ್ಲಿ ವಾಸಿಸುವ ಒಂದು ಲಾಡಿಹುಳು. ಅವನು ನಮ್ಮ ದೇಹದೊಡನೆ ನಡೆಸುವ ಗುಟ್ಟಿನ ವ್ಯವಹಾರವನ್ನು ಕುರಿತು ನಾನು ಓದಿ ತಿಳಿದ ಕೆಲವು ಸಂಗತಿಗಳನ್ನು ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಆದರೆ ಈ ವಿಷಯ ನಮ್ಮ ಮನೆಯ ಬಾಗಿಲಿಗೇ ಬಂದುದರಿಂದ ಓದಬೇಕಾಯಿತು.

ನಮ್ಮ ದೊಡ್ಡಪ್ಪನವರು ಚಿಕ್ಕಂದಿನಿಂದಲೂ ಕುರಿ ಮೇಯಿಸಿಕೊಂಡು ಬಂದವರು. ಅವರಿಗೆ ಬಲಪಕ್ಕೆಯ ಕೆಳಗೆ ಏನೋ ಭಾರ ಇಟ್ಟಂತಾಗುತ್ತಿತ್ತು. ನೋವು ಎನ್ನುವಷ್ಟಿಲ್ಲ, ಜ್ವರವಿಲ್ಲ. ಆದುದರಿಂದ ಯಾರೂ ಗಮನ ಕೊಡಲಿಲ್ಲ. ಕಡೆಗೆ ಸ್ಕ್ಯಾನ್ ಮಾಡಿಸಿದಾಗ ಈಲಿಯಲ್ಲಿ ತೆಂಗಿನಕಾಯಿಯಷ್ಟು ದೊಡ್ಡದಾದ ನೀರುಗಡ್ಡೆ ಕಾಣಿಸಿತು. ವೈದ್ಯರು ಮೊದಲು ಕೇಳಿದ ಪ್ರಶ್ನೆ, “ಮನೆಯಲ್ಲಿ ಕುರಿ, ನಾಯಿ ಇವೆಯೆ?” ಎಂಬುದು. ಅದು ಹೈಡಾಟಿಡ್ ಗಡ್ಡೆ ಎಂದೂ, ಹತ್ತು ವರ್ಷಕ್ಕೆ ಹಿಂದೆಯೇ ಒಳಗೆ ಸೇರಿರಬಹುದೆಂದೂ ಅವರು ಹೇಳಿದರು. ಶಸ್ತ್ರಚಿಕಿತ್ಸೆಯಾಯಿತು; ದೊಡ್ಡಪ್ಪನವರು ಗುಣಮುಖರಾದರು. ಮನೆಗೆ ಬಂದ ಮೇಲೆ ಒಂದು ಸಂಜೆ ಅವರು ನನ್ನನ್ನು ಕರೆದು, “ಇಷ್ಟ್ ವರ್ಸ ಹೊಟ್ಟೆಯಾಗೆ ಇತ್ತಂತೆ. ನನ್ ಮೈಗೆ ಗೊತ್ತೇ ಆಗ್ಲಿಲ್ವೇನಪ್ಪಾ? ಒಂದು ಮುಳ್ಳು ಚುಚ್ಚಿದರೆ ಮಾರನೇ ದಿನಕ್ಕೆ ಕೀವು ಕಟ್ತದೆ” ಎಂದರು.

ಓದು ಬಾರದ ಅವರು ಕೇಳಿದ ಈ ಪ್ರಶ್ನೆ ದೊಡ್ಡ ವಿದ್ವಾಂಸರೂ ಕೇಳುತ್ತಿರುವ ಪ್ರಶ್ನೆಯೆಂಬುದು ನನಗೆ ಆಮೇಲೆ ತಿಳಿಯಿತು. ಮುಳ್ಳಿಗೆ ಸಿಟ್ಟಾಗುವ ದೇಹವು ತೆಂಗಿನಕಾಯಿಯಷ್ಟು ಗಾತ್ರದ ಪರಕೀಯ ಜೀವಿಯನ್ನು ಹೇಗೆ ಸಹಿಸಿಕೊಂಡಿತು?

ಮೊದಲು ಹುಳುವಿನ ಪರಿಚಯ ಮಾಡಿಕೊಳ್ಳೋಣ. ಲಾಡಿಹುಳುಗಳಲ್ಲಿ ಅನೇಕ ಜಾತಿಗಳಿವೆ. ದನದ ಮಾಂಸದಿಂದ ಮನುಷ್ಯನ ಕರುಳಿಗೆ ಬರುವ ಜಾತಿ ಹಲವು ಮೀಟರು ಉದ್ದ ಬೆಳೆಯುತ್ತದೆ. ಹಂದಿಯ ಲಾಡಿಹುಳುವಿನ ಮರಿ ಮನುಷ್ಯನ ಮಿದುಳನ್ನು ಸೇರಿ ಮೂರ್ಛೆರೋಗವನ್ನು ತರುವುದುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಅಂಥ ರೋಗಿಗಳನ್ನು ದಶಕಗಳಿಂದ ನೋಡುತ್ತ ಬಂದಿದ್ದಾರೆ. ನಾವು ಹೇಳಹೊರಟಿರುವುದು ಇವೆರಡೂ ಅಲ್ಲದ ಮೂರನೆಯದು. ಅದರ ಶಾಸ್ತ್ರೀಯ ನಾಮ ಎಕಿನೊಕಾಕಸ್ ಗ್ರ್ಯಾನ್ಯುಲೋಸಸ್. ಹೆಸರು ದೊಡ್ಡದಾದರೂ ಹುಳು ಬಹಳ ಚಿಕ್ಕದು. ಬೆಳೆದು ನಿಂತಾಗಲೂ ಅದರ ಉದ್ದ ಮೂರರಿಂದ ಆರು ಮಿಲಿಮೀಟರು ಮಾತ್ರ. ಒಂದು ಅಕ್ಕಿಕಾಳಿನ ಉದ್ದವನ್ನು ಮೀರುವುದು ಅಪರೂಪ.

ಈ ಹುಳು ನಾಯಿಯ ಸಣ್ಣಕರುಳಿನಲ್ಲಿ ಸಾವಿರಾರು ಸಂಖ್ಯೆಯಲ್ಲಿದ್ದರೂ ನಾಯಿಗೆ ಹೆಚ್ಚು ತೊಂದರೆಯಿಲ್ಲ. ಅದರ ಮೊಟ್ಟೆಗಳು ನಾಯಿಯ ಮಲದೊಡನೆ ಹೊರಬಂದು ಹುಲ್ಲು, ನೀರು, ಮಣ್ಣುಗಳನ್ನು ಸೇರುತ್ತವೆ. ನಾಯಿಯ ಕೂದಲಿಗೂ ಅಂಟಿಕೊಳ್ಳುತ್ತವೆ. ಬಿಸಿಲಿಗೆ ಒಣಗಿದರೆ ಸಾಯುತ್ತವೆ. ನೆರಳು, ತೇವಗಳಿದ್ದರೆ ತಿಂಗಳುಗಟ್ಟಲೆ ಉಳಿಯಬಲ್ಲವು. ಮೇಯುವ ಕುರಿ ಮೊಟ್ಟೆಯನ್ನು ನುಂಗಿದಾಗ ಒಳಗಿನ ಮರಿ ಕರುಳಿನ ಗೋಡೆಯನ್ನು ಕೊರೆದು ರಕ್ತವನ್ನು ಸೇರಿ, ಈಲಿಯಲ್ಲಿಯೋ ಪುಪ್ಪುಸದಲ್ಲಿಯೋ ನಿಂತು, ನೀರು ತುಂಬಿದ ಗಡ್ಡೆಯಾಗಿ ಬೆಳೆಯುತ್ತದೆ. ಗಡ್ಡೆಯ ಒಳಪದರದಲ್ಲಿ ಮುಂದಿನ ಹುಳುಗಳ ಪುಟ್ಟ ತಲೆಗಳು ಹುಟ್ಟುತ್ತವೆ. ಕುರಿಯನ್ನು ಕೊಯ್ದಾಗ ಆ ಈಲಿಯನ್ನು ನಾಯಿಗೆ ಎಸೆದರೆ ಪುಟ್ಟ ತಲೆಯೊಂದೊಂದೂ ನಾಯಿಯ ಕರುಳಿನಲ್ಲಿ ಒಂದೊಂದು ಹುಳುವಾಗಬಲ್ಲದು. ಹೀಗೆ ಚಕ್ರ ಸುತ್ತುತ್ತದೆ. ಕುರಿಯ ಗಡ್ಡೆಯೇ ನಾಯಿಯ ಹುಳುವಿಗೆ ಬೀಜವೆಂಬುದನ್ನು ಜರ್ಮನಿಯ ಫಾನ್ ಸೀಬೋಲ್ಡ್ ಎಂಬ ವಿಜ್ಞಾನಿ 1850ರ ದಶಕದಲ್ಲಿ ನಾಯಿಗಳಿಗೆ ಗಡ್ಡೆಯನ್ನು ತಿನ್ನಿಸಿಯೇ ತೋರಿಸಿಕೊಟ್ಟನು.

ಮನುಷ್ಯನು ಈ ಚಕ್ರದಲ್ಲಿ ಕುರಿಯ ಸ್ಥಾನದಲ್ಲಿ ಸಿಕ್ಕಿಬೀಳುತ್ತಾನೆ. ನಾಯಿಯ ಮೈ ಸವರಿದ ಕೈಯಿಂದ ಉಂಡಾಗ, ತೊಳೆಯದ ಸೊಪ್ಪು ತರಕಾರಿಯನ್ನು ಹಸಿಯಾಗಿ ತಿಂದಾಗ ಮೊಟ್ಟೆ ಹೊಟ್ಟೆಯನ್ನು ಸೇರುತ್ತದೆ. ಇಲ್ಲಿ ಒಂದು ತಪ್ಪುಕಲ್ಪನೆಯನ್ನು ತಿದ್ದಬೇಕು. ದೊಡ್ಡಪ್ಪನವರಿಗೆ ಹೀಗಾದುದು ಬಾಡು ತಿಂದುದರಿಂದ ಎಂದು ಊರಿನಲ್ಲಿ ಕೆಲವರು ಹೇಳಿದರು. ಅದು ಸರಿಯಲ್ಲ. ಕುರಿಯ ಗಡ್ಡೆಯಿಂದ ಮನುಷ್ಯನಿಗೆ ಗಡ್ಡೆಯಾಗುವುದಿಲ್ಲ. ನಾಯಿಯ ಹೊಟ್ಟೆಯಿಂದ ಬಂದ ಮೊಟ್ಟೆಯಿಂದಲೇ ಆಗಬೇಕು. ಮಾಂಸವನ್ನೇ ಮುಟ್ಟದವರಿಗೂ ಈ ರೋಗ ಬರಬಹುದು.

ಈಗ ಈ ಜೀವಿಯ ದೇಹರಚನೆಯನ್ನು ನೋಡೋಣ. ಲಾಡಿಹುಳುವಿಗೆ ಬಾಯಿಯಿಲ್ಲ, ಕರುಳಿಲ್ಲ. ಇದು ಅಲಂಕಾರದ ಮಾತಲ್ಲ, ನಿಜವಾಗಿಯೂ ಇಲ್ಲ. ಅದರ ಹೊರಮೈಯೇ ಅದಕ್ಕೆ ಬಾಯಿ. ಆ ಮೈಮೇಲೆ ಮಖಮಲ್ಲಿನ ಜುಂಗಿನಂತೆ ಅತಿ ಸಣ್ಣ ಎಳೆಗಳು ದಟ್ಟವಾಗಿ ಎದ್ದಿದ್ದು, ಆತಿಥೇಯ ಪ್ರಾಣಿಯ ಜೀರ್ಣವಾದ ಆಹಾರವನ್ನು ನೇರವಾಗಿ ಹೀರಿಕೊಳ್ಳುತ್ತವೆ. ಈ ಹುಳುವೂ ಸೇರಿ ನಾಲ್ಕು ಜಾತಿಯ ಲಾಡಿಹುಳುಗಳ ಜೀನ್‌ಗಳನ್ನೆಲ್ಲ ಓದಿ 2013ರಲ್ಲಿ ಪ್ರಕಟಿಸಿದಾಗ, ಕೊಬ್ಬಿನಾಮ್ಲಗಳನ್ನೂ ಕೊಲೆಸ್ಟರಾಲನ್ನೂ ತಾವಾಗಿ ತಯಾರಿಸುವ ಶಕ್ತಿಯನ್ನೇ ಇವು ಕಳೆದುಕೊಂಡಿರುವುದು ಕಂಡುಬಂದಿತು. ಕೂತಲ್ಲಿಗೆ ಊಟ ಬರುವಾಗ ಒಲೆ ಹಚ್ಚುವವರಾರು? ಆದರೆ ಪರರ ಮನೆಯಲ್ಲಿ ಹತ್ತಾರು ವರ್ಷ ಉಣ್ಣಬೇಕಾದರೆ ಮನೆಯವರೊಡನೆ ಹೊಂದಿಕೊಂಡಿರುವ ಉಪಾಯವಂತೂ ಬೇಕು. ಹುಳುವಿನ ಜಾಣ್ಮೆಯೆಲ್ಲ ಆ ಕಡೆಗೆ ಹರಿದಿದೆ.

ನಮ್ಮ ದೇಹದಲ್ಲಿ ಕಾವಲುಗಾರ ಜೀವಕೋಶಗಳಿವೆ. ಅವುಗಳಲ್ಲಿ ಮ್ಯಾಕ್ರೊಫೇಜ್ ಎಂಬುವು ಹೊರಗಿನಿಂದ ಬಂದುದನ್ನು ನುಂಗುತ್ತವೆ, ನೈಟ್ರಿಕ್ ಆಕ್ಸೈಡ್ ಮೊದಲಾದ ವಿಷಗಳನ್ನು ತಯಾರಿಸಿ ಶತ್ರುವಿನ ಮೇಲೆ ಪ್ರಯೋಗಿಸುತ್ತವೆ. ಡೆಂಡ್ರಿಟಿಕ್ ಕೋಶಗಳೆಂಬುವು ಶತ್ರುವಿನ ಗುರುತನ್ನು ಹೊತ್ತುಕೊಂಡು ಹೋಗಿ ಉಳಿದ ಸೈನ್ಯಕ್ಕೆ ತೋರಿಸುತ್ತವೆ. ಮುಳ್ಳು ಚುಚ್ಚಿದಾಗ ಕೀವು ಕಟ್ಟುವುದು ಇಂಥ ಕಾವಲು ಪಡೆಯ ಕಾರ್ಯಾಚರಣೆಯ ಫಲವೇ. ಹೈಡಾಟಿಡ್ ಗಡ್ಡೆಯು ಈ ಪಡೆಯಿಂದ ತಪ್ಪಿಸಿಕೊಳ್ಳಲು ಮೊದಲು ಕಟ್ಟಿಕೊಳ್ಳುವುದು ಒಂದು ಕೋಟೆಯನ್ನು. ಒಳಪದರದ ಸುತ್ತ ಸಕ್ಕರೆಯಂಥ ವಸ್ತುಗಳು ಹೇರಳವಾಗಿರುವ, ಜೀವಕೋಶಗಳೇ ಇಲ್ಲದ, ಪೊರೆಪೊರೆಯಾದ ಗೋಡೆಯೊಂದನ್ನು ಅದು ಹಾಕಿಕೊಳ್ಳುತ್ತದೆ. ಅದರ ಹೊರಗೆ ನಮ್ಮ ದೇಹವೂ ನಾರಿನ ಗೋಡೆಯೊಂದನ್ನು ಕಟ್ಟುತ್ತದೆ. ಬಹುಕಾಲ ವಿದ್ವಾಂಸರು ಈ ಎರಡು ಗೋಡೆಗಳ ವಿಷಯವನ್ನೇ ಮುಖ್ಯವಾಗಿ ವಿಚಾರಮಾಡಿದರು. ಆದರೆ ಗೋಡೆಯ ಹಿಂದೆ ಅಡಗಿ ಸುಮ್ಮನೆ ಕೂತ ಮಾತ್ರಕ್ಕೆ ಹತ್ತು ವರ್ಷ ಶಾಂತಿ ಉಳಿಯುವುದು ಕಷ್ಟ. ಗೋಡೆಯೊಳಗಿನವನು ಹೊರಗಿನವರಿಗೆ ಏನನ್ನಾದರೂ ಹೇಳಿಕಳುಹಿಸುತ್ತಿರಬೇಕು. ಹೇಗೆ?

ಉತ್ತರದ ಒಂದು ಭಾಗ ಸಿಕ್ಕಿದ ಬಗೆ ಕುತೂಹಲಕರವಾಗಿದೆ. 1983ರಲ್ಲಿ ಕೆನಡಾ ದೇಶದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ರೋಸ್ ಜಾನ್‌ಸ್ಟೋನ್ ಎಂಬ ಮಹಿಳಾ ವಿಜ್ಞಾನಿಯೂ ಅವರ ಸಂಗಡಿಗರೂ ರಕ್ತದ ಎಳೆಯ ಕೆಂಪುಕಣಗಳನ್ನು ಪರೀಕ್ಷಿಸುತ್ತಿದ್ದರು. ಅವರು ಆರಿಸಿಕೊಂಡಿದ್ದ ರಕ್ತ ಕುರಿಯದೇ! ಎಳೆಯ ಕಣವು ಬಲಿಯುವಾಗ ತನಗೆ ಇನ್ನು ಬೇಡವಾದ ಕೆಲವು ಪದಾರ್ಥಗಳನ್ನು ಅತಿ ಸೂಕ್ಷ್ಮವಾದ ಚೀಲಗಳಲ್ಲಿ ಕಟ್ಟಿ ಹೊರಕ್ಕೆ ಬಿಡುತ್ತದೆಂದು ಅವರು ಕಂಡರು. ಅದೇ ವರ್ಷ ಅಮೆರಿಕದ ಇನ್ನೊಂದು ತಂಡವೂ ಇಲಿಯ ರಕ್ತಕಣಗಳಲ್ಲಿ ಇದನ್ನೇ ಕಂಡಿತು. 1987ರಲ್ಲಿ ಜಾನ್‌ಸ್ಟೋನ್ ಅವರ ತಂಡ ಈ ಚೀಲಗಳಿಗೆ ‘ಎಕ್ಸೋಸೋಮ್’ ಎಂಬ ಹೆಸರನ್ನು ಬಳಸಿತು. ಹೀಗೆ ಜೀವಕೋಶಗಳು ಹೊರಕ್ಕೆ ಬಿಡುವ ಚೀಲಗಳಿಗೆಲ್ಲ ವೆಸಿಕಲ್ ಎಂಬುದು ಸಾಮಾನ್ಯ ಹೆಸರು. ನಾವು ‘ಕಿರುಚೀಲ’ ಎನ್ನೋಣ.

ಕಿರುಚೀಲ ಎಷ್ಟು ಕಿರಿದು? ಎಕ್ಸೋಸೋಮಿನ ಅಡ್ಡಗಲ ಸುಮಾರು 30ರಿಂದ 150 ನ್ಯಾನೋಮೀಟರು. ಒಂದು ಮಿಲಿಮೀಟರಿನಲ್ಲಿ ಹತ್ತು ಲಕ್ಷ ನ್ಯಾನೋಮೀಟರುಗಳಿವೆ. ಆದುದರಿಂದ ನೂರು ನ್ಯಾನೋಮೀಟರಿನ ಕಿರುಚೀಲಗಳನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರಿನಲ್ಲಿ, ಎಂದರೆ ಹೆಚ್ಚು ಕಡಿಮೆ ಒಂದು ರಾಗಿಕಾಳಿನ ಅಗಲದಲ್ಲಿ, ಹತ್ತು ಸಾವಿರ ಚೀಲಗಳು ಹಿಡಿಯುತ್ತವೆ. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಇವುಗಳ ಆಕಾರ ಸಿಕ್ಕದು; ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಇವು ಹುಟ್ಟುವ ಬಗೆ ಎರಡು. ಜೀವಕೋಶದ ಒಳಗೆ ಒಂದು ದೊಡ್ಡ ಚೀಲವಿದ್ದು, ಅದರ ಒಳಗೆ ಚಿಕ್ಕ ಚೀಲಗಳು ಮೂಡಿ, ದೊಡ್ಡದು ಕೋಶದ ಅಂಚಿಗೆ ಬಂದು ಬಾಯಿಬಿಚ್ಚಿ ಚಿಕ್ಕವನ್ನು ಹೊರಕ್ಕೆ ಸುರಿಯುವುದು ಒಂದು ಬಗೆ. ಕೋಶದ ಹೊರಪೊರೆಯೇ ಮೊಗ್ಗಿನಂತೆ ಉಬ್ಬಿ ಕಳಚಿಕೊಳ್ಳುವುದು ಇನ್ನೊಂದು.

ಮೊದಮೊದಲು ಇವನ್ನು ಜೀವಕೋಶದ ಕಸದ ಬುಟ್ಟಿ ಎಂದೇ ಬಹುಮಂದಿ ತಿಳಿದಿದ್ದರು. 2007ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಈ ಚೀಲಗಳೊಳಗೆ ಆರ್‌ಎನ್‌ಎ ಎಂಬ ಸಂದೇಶವಾಹಕ ಪದಾರ್ಥವಿರುವುದನ್ನೂ ಅದು ಒಂದು ಕೋಶದಿಂದ ಇನ್ನೊಂದಕ್ಕೆ ಹೋಗಿ ಕೆಲಸ ಮಾಡಬಲ್ಲದೆಂಬುದನ್ನೂ ತೋರಿಸಿದರು. ಕಸದ ಬುಟ್ಟಿ ಎಂದುಕೊಂಡಿದ್ದುದು ಅಂಚೆಯ ಲಕೋಟೆಯಾಯಿತು. ಲಕೋಟೆಯ ಹೋಲಿಕೆ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಬರಿಯ ಆರ್‌ಎನ್‌ಎಯನ್ನು ರಕ್ತಕ್ಕೆ ಬಿಟ್ಟರೆ ಅಲ್ಲಿನ ಕಿಣ್ವಗಳು ಅದನ್ನು ಕ್ಷಣಮಾತ್ರದಲ್ಲಿ ಕತ್ತರಿಸಿಹಾಕುತ್ತವೆ. ಮಳೆಯಲ್ಲಿ ಬಿಚ್ಚಿಟ್ಟ ಕಾಗದದಂತೆ ಸಂದೇಶ ಅಳಿಸಿಹೋಗುತ್ತದೆ. ಕೊಬ್ಬಿನ ಪೊರೆಯ ಚೀಲದಲ್ಲಿ ಹಾಕಿ ಕಳುಹಿಸಿದರೆ ಅದು ಸುರಕ್ಷಿತ. ತಲುಪಿದ ಕಡೆಯ ಜೀವಕೋಶವು ಚೀಲವನ್ನು ನುಂಗುತ್ತದೆ, ಇಲ್ಲವೆ ಚೀಲದ ಪೊರೆಯೂ ಕೋಶದ ಪೊರೆಯೂ ಬೆರೆತು ಒಳಗಿನ ವಸ್ತು ಕೋಶಕ್ಕೆ ಇಳಿಯುತ್ತದೆ.

ಆ ಲಕೋಟೆಯಲ್ಲಿರುವ ಬರಹಗಳಲ್ಲಿ ಮುಖ್ಯವಾದದ್ದು ಮೈಕ್ರೋ ಆರ್‌ಎನ್‌ಎ. ಇದು ಸುಮಾರು 22 ಅಕ್ಷರಗಳ ಒಂದು ಪುಟ್ಟ ತುಣುಕು. ಯಾವ ಪ್ರೋಟೀನನ್ನೂ ಇದು ಕಟ್ಟುವುದಿಲ್ಲ; ಪ್ರೋಟೀನು ಕಟ್ಟುವ ಆಜ್ಞಾಪತ್ರಕ್ಕೆ ಅಂಟಿಕೊಂಡು ಆ ಆಜ್ಞೆ ಜಾರಿಯಾಗದಂತೆ ತಡೆಯುತ್ತದೆ. ಇದನ್ನು ಮೊಟ್ಟಮೊದಲು ಕಂಡುದು 1993ರಲ್ಲಿ, ಅದೂ ಒಂದು ಹುಳುವಿನಲ್ಲಿಯೇ. ಮಣ್ಣಿನಲ್ಲಿರುವ, ಒಂದು ಮಿಲಿಮೀಟರು ಉದ್ದದ, ಯಾರಿಗೂ ಕೇಡು ಮಾಡದ ದುಂಡುಹುಳುವೊಂದರಲ್ಲಿ. ಇದಕ್ಕಾಗಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ 2024ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಕಿರುಚೀಲದ ಕಥೆ ಕುರಿಯ ರಕ್ತದಲ್ಲಿ ಮೊದಲಾಯಿತು, ಅದರೊಳಗಿನ ಬರಹದ ಕಥೆ ಹುಳುವಿನಲ್ಲಿ ಮೊದಲಾಯಿತು. ಎರಡೂ ಕಡೆಗೆ ಬಂದು ಸೇರಿದುದು ಕುರಿಯ ಹೊಟ್ಟೆಯ ಹುಳುವಿನಲ್ಲಿ!

ಪರೋಪಜೀವಿ ಚಪ್ಪಟೆಹುಳುಗಳೂ ಇಂಥ ಕಿರುಚೀಲಗಳನ್ನು ಬಿಡುತ್ತವೆಂಬುದನ್ನು 2012ರಲ್ಲಿ ಸ್ಪೇನಿನ ವಿಜ್ಞಾನಿಗಳು ತೋರಿಸಿದರು. ಅವರು ನೋಡಿದ ಎರಡು ಹುಳುಗಳಲ್ಲಿ ಒಂದು ಕುರಿಯ ಈಲಿಯನ್ನು ಸೇರುವ ಎಲೆಯಾಕಾರದ ಹುಳು. ಆತಿಥೇಯ ಪ್ರಾಣಿಯ ಜೀವಕೋಶಗಳು ಆ ಚೀಲಗಳನ್ನು ಒಳಗೆ ತೆಗೆದುಕೊಂಡವು. ಲಾಡಿಹುಳುಗಳ ಸರದಿ ಬಂದುದು 2017ರ ಸುಮಾರಿಗೆ. ಆ ವರ್ಷ ಅರ್ಜೆಂಟೀನಾದ ತಂಡವೊಂದು ಲಾಡಿಹುಳುಗಳ ಮರಿಗಳು ಬಿಡುವ ಕಿರುಚೀಲಗಳಲ್ಲಿ ಮೈಕ್ರೋ ಆರ್‌ಎನ್‌ಎಗಳನ್ನೂ ರೋಗಪತ್ತೆಗೆ ಉಪಯೋಗವಾಗಬಹುದಾದ ಪ್ರೋಟೀನುಗಳನ್ನೂ ಕಂಡಿತು. ಅದೇ ವರ್ಷ ಸ್ಪೇನಿನವರು ಕುರಿಯ ಹೈಡಾಟಿಡ್ ಗಡ್ಡೆಯ ನೀರಿನಿಂದಲೇ ಎಕ್ಸೋಸೋಮುಗಳನ್ನು ಬೇರ್ಪಡಿಸಿದರು. ಅವುಗಳಲ್ಲಿ ಹುಳುವಿನ ಪ್ರೋಟೀನುಗಳಲ್ಲದೆ ಕುರಿಯ ಪ್ರೋಟೀನುಗಳೂ ಇದ್ದವು. 2019ರಲ್ಲಿ ಅರ್ಜೆಂಟೀನಾದ ಮಾರ್ ದೆಲ್ ಪ್ಲಾತಾ ನಗರದ ವಿಜ್ಞಾನಿಗಳು ಗಡ್ಡೆಯೊಳಗಿನ ಪುಟ್ಟ ತಲೆಗಳು ಬಿಟ್ಟ ಕಿರುಚೀಲಗಳನ್ನು ಡೆಂಡ್ರಿಟಿಕ್ ಕೋಶಗಳು, ಎಂದರೆ ನಾನು ಮೇಲೆ ಹೇಳಿದ ಗುರುತು ಹೊರುವ ಕಾವಲುಗಾರರು, ಒಳಗೆ ತೆಗೆದುಕೊಳ್ಳುವುದನ್ನು ತೋರಿಸಿದರು.

ತೆಗೆದುಕೊಂಡ ಮೇಲೆ ಏನಾಗುತ್ತದೆ? ನಮ್ಮ ಹುಳುವಿಗೆ ಹತ್ತಿರದ ದಾಯಾದಿಯೊಂದುಂಟು. ಅದು ಹೆಚ್ಚಾಗಿ ನರಿಗಳಲ್ಲಿರುತ್ತದೆ. ಅದರ ಕಿರುಚೀಲಗಳನ್ನು ಚೀನಾದ ವಿಜ್ಞಾನಿಗಳು ಮ್ಯಾಕ್ರೊಫೇಜುಗಳಿಗೆ ಕೊಟ್ಟು ನೋಡಿದಾಗ, ಆ ಕೋಶಗಳು ತಯಾರಿಸುವ ನೈಟ್ರಿಕ್ ಆಕ್ಸೈಡಿನ ಪ್ರಮಾಣ ತಗ್ಗಿತು. ಕಾವಲುಗಾರನು ಎಚ್ಚರವಾಗಿಯೇ ಇದ್ದಾನೆ, ಆದರೆ ಕೈಯಲ್ಲಿನ ದೊಣ್ಣೆಯನ್ನು ಕೆಳಗಿಟ್ಟಿದ್ದಾನೆ ಎನ್ನಬಹುದು. 2021ರಲ್ಲಿ ಹೈಡಾಟಿಡ್ ಗಡ್ಡೆಯ ನೀರಿನ ಕಿರುಚೀಲಗಳನ್ನು ಕುರಿಯ ರಕ್ತದ ಬಿಳಿಕಣಗಳಿಗೆ ಕೊಟ್ಟಾಗಲೂ ಕಣಗಳು ಅವನ್ನು ಸ್ವೀಕರಿಸಿದವು. ಅವು ಹೊರಡಿಸುವ ಸಂಕೇತಗಳಲ್ಲಿ ಕೆಲವು ಏರಿದವು, ಕೆಲವು ಇಳಿದವು. ಏರಿದವುಗಳಲ್ಲಿ ಇಂಟರ್‌ಲ್ಯೂಕಿನ್-10 ಒಂದು. ಉರಿಯೂತವನ್ನು ತಣಿಸುವುದು ಅದರ ಗುಣ.

ಇದೆಲ್ಲ ನಡೆದಿರುವುದು ಪ್ರಯೋಗಶಾಲೆಯ ತಟ್ಟೆಗಳಲ್ಲಿ ಎಂಬುದನ್ನು ನೆನಪಿನಲ್ಲಿಡಬೇಕು. ಜೀವಂತ ಕುರಿಯಲ್ಲಿ ಒಳಗಿನ ಚೀಲಗಳು ಆ ಪೊರೆಪೊರೆಯ ಗೋಡೆಯನ್ನು ದಾಟಿ ಎಷ್ಟರಮಟ್ಟಿಗೆ ಹೊರಬರುತ್ತವೆ ಎಂಬ ಪ್ರಶ್ನೆಯನ್ನು ವಿಜ್ಞಾನಿಗಳು ಇನ್ನೂ ಬಿಡಿಸುತ್ತಿದ್ದಾರೆ. ಮತ್ತೊಂದು ಮಾತು. ನಾನು ‘ಸಂದೇಶ’, ‘ಜಾಣ್ಮೆ’ ಎಂದು ಬರೆದಿರುವುದು ತಿಳಿಸುವ ಅನುಕೂಲಕ್ಕಾಗಿ. ಹುಳುವಿಗೆ ಉದ್ದೇಶವೆಂಬುದಿಲ್ಲ. ಲಕ್ಷಾಂತರ ವರ್ಷಗಳಲ್ಲಿ ಆತಿಥೇಯನನ್ನು ಕೆರಳಿಸಿದ ಹುಳುಗಳು ಅಳಿದವು, ಕೆರಳಿಸದವು ಉಳಿದವು. ಉಳಿದವುಗಳ ಮಕ್ಕಳೇ ಇಂದಿನವು.

ಆದರೂ ದೊಡ್ಡಪ್ಪನವರ ಪ್ರಶ್ನೆಗೆ ಈಗ ಒಂದು ಉತ್ತರ ಹೇಳಬಹುದು. ಅವರ ಮೈಗೆ ಗೊತ್ತಾಗದೆ ಇರಲಿಲ್ಲ. ಗೊತ್ತಾಗಿಯೇ ಗಡ್ಡೆಯ ಸುತ್ತ ನಾರಿನ ಗೋಡೆ ಕಟ್ಟಿತು. ಆದರೆ ಮುಳ್ಳು ಮಾತನಾಡದು, ಹುಳು ಮಾತನಾಡುತ್ತದೆ. ಅದು ಗೋಡೆಯ ಮರೆಯಲ್ಲಿ ಕೂತು, ಕಾವಲುಗಾರರಿಗೆ ಅವರದೇ ಭಾಷೆಯಲ್ಲಿ ಬರೆದ ಕಾಗದಗಳನ್ನು ಕಳುಹಿಸುತ್ತ, ಅವರ ಸಿಟ್ಟನ್ನು ಇಳಿಸುತ್ತ ಬಂದಿರಬೇಕು.

ಈ ಜ್ಞಾನದಿಂದ ಪ್ರಯೋಜನವೇನು ಎಂದು ಕೇಳಬಹುದು. ಲಾಡಿಹುಳುಗಳಲ್ಲಿ ಮಿರ್-71 ಎಂಬ ಒಂದು ಮೈಕ್ರೋ ಆರ್‌ಎನ್‌ಎ ಹೇರಳವಾಗಿದೆ. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಅದು ಇಲ್ಲವೇ ಇಲ್ಲ. ಆದುದರಿಂದ ಒಬ್ಬನ ರಕ್ತದಲ್ಲಿ ಅದು ಸಿಕ್ಕಿದರೆ ಅದು ಹುಳುವಿನ ಕೈಬರಹವೇ ಸರಿ. ಗಡ್ಡೆ ನಿಂಬೆಹಣ್ಣಿನಷ್ಟು ಇರುವಾಗಲೇ ಒಂದು ಹನಿ ರಕ್ತದಿಂದ ಅದನ್ನು ಪತ್ತೆಹಚ್ಚುವ ಆಸೆ ಇದರಲ್ಲಿದೆ. ಗಡ್ಡೆ ದೊಡ್ಡದಾಗಿ ಒಡೆದರೆ ಒಳಗಿನ ನೀರಿನಿಂದ ರೋಗಿಯ ಪ್ರಾಣಕ್ಕೇ ಅಪಾಯ. ಚೆಲ್ಲಿದ ಕಡೆಯೆಲ್ಲ ಹೊಸ ಗಡ್ಡೆಗಳೂ ಏಳಬಹುದು. ಆದುದರಿಂದ ಬೇಗ ಪತ್ತೆಯಾಗುವುದು ಸಣ್ಣ ಲಾಭವಲ್ಲ.

ಆದರೆ ಅಂಥ ಪರೀಕ್ಷೆ ಜಗಳೂರಿನ ಆಸ್ಪತ್ರೆಗೆ ಬರುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಐಸ್‌ಲೆಂಡ್ ಎಂಬ ಪುಟ್ಟ ದ್ವೀಪದೇಶ ನಮ್ಮ ಸೀಮೆಯಂತೆಯೇ ಕುರಿಗಳ ನಾಡು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಈ ರೋಗ ಅತಿಯಾಗಿತ್ತು. 1863ರಲ್ಲಿ ಹರಾಲ್ಡ್ ಕ್ರಾಬೆ ಎಂಬ ಡೆನ್ಮಾರ್ಕಿನ ವಿಜ್ಞಾನಿ ಅಲ್ಲಿಗೆ ಹೋಗಿ ನೂರು ನಾಯಿಗಳನ್ನು ಪರೀಕ್ಷಿಸಿ 28ರಲ್ಲಿ ಈ ಹುಳುವನ್ನು ಕಂಡನು. ಮರುವರ್ಷ ಅವನು ಬರೆದ ಒಂದು ಚಿಕ್ಕ ಪುಸ್ತಕವನ್ನು ದೇಶದ ಮನೆಮನೆಗೂ ಹಂಚಿದರು. ಗಡ್ಡೆಯಿರುವ ಒಳಾಂಗಗಳನ್ನು ನಾಯಿಗೆ ಹಾಕಬೇಡಿ, ನಾಯಿಯನ್ನು ಮುಟ್ಟಿದ ಕೈ ತೊಳೆಯಿರಿ ಎಂಬುದು ಅದರ ಸಾರ. ಆಮೇಲೆ ಕಾನೂನುಗಳೂ ಬಂದವು. ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಆ ದೇಶದಿಂದ ರೋಗವೇ ತೊಲಗಿತು. ಆಗ ಹುಳುವಿಗೆ ಒಳ್ಳೆಯ ಔಷಧವಿರಲಿಲ್ಲ. ಕಿರುಚೀಲದ ಸುದ್ದಿಯಂತೂ ಯಾರಿಗೂ ತಿಳಿಯದು. ಜನ ಓದಿದರು, ಓದಿದಂತೆ ನಡೆದರು, ಅಷ್ಟೆ.

ನಮಗಾದರೋ ಇಂದು ಸಾಧನಗಳು ಹೆಚ್ಚು. ನಾಯಿಗೆ ಪ್ರಾಜಿಕ್ವಾಂಟೆಲ್ ಗುಳಿಗೆಯಿದೆ. ವರ್ಷಕ್ಕೆ ನಾಲ್ಕು ಬಾರಿಯಾದರೂ ಕೊಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕುರಿಯ ತಲೆಯನ್ನು ಸೇರಿ ಅದು ಸುತ್ತುಸುತ್ತಿ ಸಾಯುವಂತೆ ಮಾಡುವ ಮತ್ತೊಂದು ಹುಳುವೂ ನಾಯಿಯ ಲಾಡಿಹುಳುವೇ ಆದುದರಿಂದ, ಒಂದು ಗುಳಿಗೆಯಿಂದ ಎರಡು ಲಾಭ. ಕೊಯ್ದಾಗ ನೀರುಗಡ್ಡೆ ಕಂಡ ಈಲಿ, ಪುಪ್ಪುಸಗಳನ್ನು ಆಳವಾದ ಗುಂಡಿಯಲ್ಲಿ ಹೂಳಬೇಕು ಅಥವಾ ಸುಡಬೇಕು. ಬೀದಿಯಲ್ಲಿ ಎಸೆಯಬಾರದು, ಕಾವಲು ನಾಯಿಗೆ ಪ್ರೀತಿಯಿಂದ ಹಾಕಲೇಬಾರದು. ಮಕ್ಕಳು ನಾಯಿಯೊಡನೆ ಆಡಲಿ, ಆದರೆ ಉಣ್ಣುವ ಮೊದಲು ಕೈ ತೊಳೆಯಲಿ.

ಈ ಹುಳುವಿನ ಚಕ್ರ ಕುರಿಯಿಂದ ನಾಯಿಗೆ ದಾಟುವುದು ಮುಖ್ಯವಾಗಿ ಒಂದು ಕಡೆ, ನಮ್ಮ ಕೈಯಲ್ಲಿ ಕತ್ತಿಯಿರುವ ಕಡೆ. ಕಿರುಚೀಲಗಳ ಭಾಷೆಯನ್ನು ಓದುವ ಕೆಲಸವನ್ನು ವಿಜ್ಞಾನಿಗಳು ಮಾಡಲಿ. ಆ ಒಂದು ಕೊಂಡಿಯನ್ನು ಕಳಚುವ ಕೆಲಸ ಹಳ್ಳಿಗಳಿಂದ ಬಂದು ಈ ಕಾಲೇಜಿನಲ್ಲಿ ಓದುತ್ತಿರುವ ನಮ್ಮದು. ಕಳೆದ ಜಾತ್ರೆಗೆ ನಾನು ಊರಿಗೆ ಹೋದಾಗ ದೊಡ್ಡಪ್ಪನವರು ಮರಿ ಕೊಯ್ಯುವುದಕ್ಕೆ ಮೊದಲೇ ಹಿತ್ತಲಿನಲ್ಲಿ ಗುಂಡಿ ತೋಡಿಸಿದ್ದರು. ನಾಯಿಯನ್ನು ಕಟ್ಟಿಹಾಕಿದ್ದರು. ಈಲಿಯಲ್ಲಿ ಗೋಲಿಯಷ್ಟು ದೊಡ್ಡದಾದ ಒಂದು ಬಿಳಿಯ ನೀರುಗುಳ್ಳೆ ಇತ್ತು. ಅವರು ಅದನ್ನು ನೆರೆಯವರಿಗೆಲ್ಲ ಕರೆದು ತೋರಿಸಿ, ತಾವೇ ಗುಂಡಿಗೆ ಹಾಕಿ, ಮಣ್ಣು ಮುಚ್ಚಿದರು.